ರಾಯಚೂರು ಕೋಟೆಯನ್ನು ಹೊರಗಿನಿಂದ ಒಳಗೆ ನೋಡುವ ಬಗೆ

ರಾಯಚೂರಿಗೆ ಬಂದವರು ಕೋಟೆ ಎಲ್ಲಿದೆ ಎಂದು ಕೇಳಿದರೆ ಊರಿನವರು ಸಾಮಾನ್ಯವಾಗಿ ಗುಡ್ಡದ ಕಡೆಗೆ ಕೈ ತೋರಿಸುತ್ತಾರೆ. ಬಂದವರೂ ನೇರವಾಗಿ ಗುಡ್ಡ ಹತ್ತಿ, ಮೇಲಿನಿಂದ ಊರನ್ನು ನೋಡಿ, ನಾಲ್ಕು ಫೋಟೊ ತೆಗೆದುಕೊಂಡು ಇಳಿದುಬಿಡುತ್ತಾರೆ. ಹೀಗೆ ನೋಡಿದವರಿಗೆ ಊರಿನ ನೋಟ ದಕ್ಕುತ್ತದೆ, ಕೋಟೆ ದಕ್ಕುವುದಿಲ್ಲ. ರಾಯಚೂರು ಕೋಟೆಯ ಹೆಚ್ಚುಗಾರಿಕೆ ಇರುವುದು ಕೆಳಗೆ, ಅಂಗಡಿಸಾಲು, ಮನೆಗಳು ಮತ್ತು ವಾಹನಗಳ ನಡುವೆ ಸಿಲುಕಿಕೊಂಡಿರುವ ಎರಡು ಸುತ್ತಿನ ಗೋಡೆಗಳಲ್ಲಿ. ಹೊರಸುತ್ತಿನಿಂದ ಆರಂಭಿಸಿ ಒಳಸುತ್ತಿಗೆ ಬಂದು, ಕೊನೆಯಲ್ಲಿ ಗುಡ್ಡವನ್ನೇರಿದರೆ ಹದಿನಾರನೆಯ ಶತಮಾನದಿಂದ ಹದಿಮೂರನೆಯ ಶತಮಾನಕ್ಕೆ ಹಿಂದೆ ಹಿಂದೆ ನಡೆದ ಹಾಗಾಗುತ್ತದೆ. ಈ ಬರಹದಲ್ಲಿ ಸೂಚಿಸುವುದು ಆ ದಾರಿಯನ್ನೇ.

ಹೊರಡುವ ಮುನ್ನ ತಿಳಿದಿರಬೇಕಾದದ್ದು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ರಾಯಚೂರು. ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆಯುವ ಈ ದೋಆಬ್ ಪ್ರದೇಶಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಟ್ಟಲೆ ಹೋರಾಡಿದರು. ಕೋಟೆ ಕಾಕತೀಯರಿಂದ ಮೊದಲ್ಗೊಂಡು ಬಹಮನಿ, ಬಿಜಾಪುರದ ಆದಿಲ್ ಶಾಹಿ, ವಿಜಯನಗರ, ಮತ್ತೆ ಆದಿಲ್ ಶಾಹಿ, ಮೊಘಲ್, ನಿಜಾಮ ಹೀಗೆ ಕೈಬದಲಾಯಿಸುತ್ತ ಬಂದಿತು. 1853ರಿಂದ 1860ರವರೆಗೆ ಈ ಸೀಮೆ ಬ್ರಿಟಿಷರ ಆಡಳಿತದಲ್ಲಿತ್ತು. 1948ರವರೆಗೆ ನಿಜಾಮನ ರಾಜ್ಯದಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಇಷ್ಟು ನೆನಪಿದ್ದರೆ ಸಾಕು. ಇಸವಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಹೋಗುವ ಅಗತ್ಯವಿಲ್ಲ, ಏಕೆಂದರೆ ಮುಖ್ಯವಾದ ಇಸವಿಗಳು ಅಲ್ಲಿನ ಕಲ್ಲಿನ ಮೇಲೆಯೇ ಇವೆ.

ನವೆಂಬರಿನಿಂದ ಫೆಬ್ರವರಿವರೆಗಿನ ತಿಂಗಳುಗಳು ಕೋಟೆ ಸುತ್ತಲು ಹಿತವಾದವು. ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿನಲ್ಲಿ ಬೆಳಿಗ್ಗೆ ಹತ್ತರ ನಂತರ ಬಂಡೆಯ ಮೇಲೆ ಕೈಯೂರುವುದೇ ಕಷ್ಟ. ಬೇಸಿಗೆಯಲ್ಲಿಯೇ ಬರಬೇಕಾದವರು ಸೂರ್ಯೋದಯಕ್ಕೆ ಗುಡ್ಡವನ್ನು ಮುಗಿಸಿ, ಕೆಳಗಿನ ಗೋಡೆಗಳನ್ನು ಸಂಜೆಗೆ ಇಟ್ಟುಕೊಳ್ಳಲಿ; ಆಗ ನಾನು ಹೇಳುವ ಕ್ರಮ ತಲೆಕೆಳಗಾದರೂ ಆರೋಗ್ಯ ಉಳಿಯುತ್ತದೆ. ನೀರು, ಟೊಪ್ಪಿಗೆ, ಜಾರದ ಚಪ್ಪಲಿ ಅಥವಾ ಬೂಟು, ಒಂದು ಸಣ್ಣ ಟಾರ್ಚು, ನೋಟ್‌ಬುಕ್ಕು ಜೊತೆಗಿರಲಿ. ಟಾರ್ಚು ಕತ್ತಲೆಗಲ್ಲ, ಶಾಸನಕ್ಕೆ. ಅದರ ಬಳಕೆಯನ್ನು ಮುಂದೆ ಹೇಳುತ್ತೇನೆ. ಬೆಳಗಿನ ತಿಂಡಿಯನ್ನು ಊರಿನಲ್ಲಿಯೇ ಮಾಡಿ. ಮಂಡಕ್ಕಿ ಒಗ್ಗರಣೆ ಮತ್ತು ಬಿಸಿ ಮಿರ್ಚಿ ತಿನ್ನದೆ ಈ ಭಾಗದಲ್ಲಿ ದಿನ ಆರಂಭವಾಯಿತು ಎಂದು ಯಾರೂ ಒಪ್ಪುವುದಿಲ್ಲ.

ಹೊರಸುತ್ತು: ಬಾಗಿಲುಗಳಿಂದ ಆರಂಭ

ಕೋಟೆಯ ವಿನ್ಯಾಸವನ್ನು ಮೊದಲು ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು. ಮೂರು ದಿಕ್ಕಿಗೆ ಎರಡು ಸುತ್ತಿನ ಗೋಡೆಗಳು, ಹೊರಗೆ ಕಂದಕ. ದಕ್ಷಿಣದಲ್ಲಿ ಮಾತ್ರ ಬಂಡೆಗುಡ್ಡಗಳ ಸಾಲೇ ರಕ್ಷಣೆಯಾಗಿದೆ. ಹೊರಗೋಡೆಗೆ ಐದು ಬಾಗಿಲುಗಳಿವೆ: ಪಶ್ಚಿಮಕ್ಕೆ ಮೆಕ್ಕಾ ದರ್ವಾಜ, ಉತ್ತರಕ್ಕೆ ನೌರಂಗಿ ದರ್ವಾಜ, ಪೂರ್ವಕ್ಕೆ ಕಾಟಿ ದರ್ವಾಜ, ದಕ್ಷಿಣಕ್ಕೆ ಖಂದಕ್ ದರ್ವಾಜ, ಇವುಗಳ ಜೊತೆಗೆ ದೊಡ್ಡಿ ದರ್ವಾಜ. ಒಳಗೋಡೆಗೆ ಪಶ್ಚಿಮದಲ್ಲಿ ಸೈಲಾನಿ, ಪೂರ್ವದಲ್ಲಿ ಸಿಕಂದರಿ ಎಂಬ ಎರಡು ಬಾಗಿಲುಗಳು. ಊರು ಬೆಳೆದಂತೆ ಗೋಡೆ ಅಲ್ಲಲ್ಲಿ ಕಡಿದುಹೋಗಿದ್ದು, ಕಂದಕವನ್ನೂ ಹಲವೆಡೆ ಊಹಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಗೋಡೆಯನ್ನೇ ಹಿಡಿದು ಸುತ್ತುವ ಪ್ರಯತ್ನಕ್ಕಿಂತ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಕೇಳುತ್ತ ಹೋಗುವುದು ಸುಲಭ. ಕೇಳುವಾಗ ಬಾಗಿಲಿನ ಹೆಸರು ಹೇಳಿಯೇ ಕೇಳಿ. ‘ಕೋಟೆ ಎಲ್ಲಿ’ ಎಂದರೆ ಮತ್ತೆ ಗುಡ್ಡವನ್ನೇ ತೋರಿಸುತ್ತಾರೆ.

ಪ್ರತಿ ಬಾಗಿಲಿನಲ್ಲಿಯೂ ನಿಂತು ನೋಡಬೇಕಾದ ಸಂಗತಿಗಳು ಒಂದೇ ಬಗೆಯವು. ದಾರಿ ನೇರವಾಗಿ ಒಳಗೆ ಹೋಗುತ್ತದೆಯೋ, ತಿರುವು ಪಡೆದು ಹೋಗುತ್ತದೆಯೋ ಎಂಬುದನ್ನು ಮೊದಲು ಗಮನಿಸಿ. ಓಡಿಬರುವ ಆನೆಗೂ ಕುದುರೆಗೂ ವೇಗ ಸಿಗದಿರಲಿ ಎಂದೇ ದಾರಿಯನ್ನು ತಿರುಗಿಸುತ್ತಿದ್ದರು, ಮತ್ತು ಆ ತಿರುವಿನ ಅಂಗಳದಲ್ಲಿ ಸಿಕ್ಕಿಬಿದ್ದ ಶತ್ರುವಿನ ಮೇಲೆ ಮೇಲಿನಿಂದ ಬಾಣ, ಕಲ್ಲು, ಗುಂಡುಗಳನ್ನು ಸುರಿಸುತ್ತಿದ್ದರು. ಆಮೇಲೆ ಚೌಕಟ್ಟಿನ ಎರಡೂ ಬದಿ, ಕೆಳಗೆ ಮತ್ತು ಮೇಲೆ, ಕದದ ತಿರುಗಣೆ ಕೂರುತ್ತಿದ್ದ ಗುಂಡು ಕುಳಿಗಳನ್ನು ಹುಡುಕಿ. ಕದಗಳು ಇಲ್ಲದಿದ್ದರೂ ಕುಳಿ ಉಳಿದಿರುತ್ತದೆ. ಅದರ ಒಳಮೈ ಶತಮಾನಗಳ ತಿರುಗಾಟದಿಂದ ನುಣುಪಾಗಿರುತ್ತದೆ. ಪಕ್ಕದ ಗೋಡೆಯಲ್ಲಿ ಚೌಕಾಕಾರದ ಆಳವಾದ ರಂಧ್ರ ಕಂಡರೆ ಅದು ಅಗುಳಿಯ ತೊಲೆ ಜಾರಿಸಿಡುವ ಜಾಗ. ರಂಧ್ರದೊಳಗೆ ಕೈಹಾಕುವ ಮುನ್ನ ಟಾರ್ಚು ಹಿಡಿದು ನೋಡುವುದು ಒಳ್ಳೆಯದು, ಚೇಳುಗಳಿಗೂ ಅಂಥ ಜಾಗವೇ ಇಷ್ಟ.

ಮೆಕ್ಕಾ ದರ್ವಾಜ 1470ರ ಸುಮಾರಿಗೆ, ಬಹಮನಿಗಳ ಕಾಲದಲ್ಲಿ ಕಟ್ಟಿದ್ದು. ನೌರಂಗಿ ದರ್ವಾಜಕ್ಕೆ ಹೆಚ್ಚು ಹೊತ್ತು ಕೊಡಿ. ಸುಲ್ತಾನರು ಆಳಿದ ಕೋಟೆಯ ಬಾಗಿಲಿನಲ್ಲಿ ಪುರಾಣದ ಉಬ್ಬುಶಿಲ್ಪಗಳೂ ಹೆಡೆಯೆತ್ತಿದ ನಾಗನ ಮೂರ್ತಿಯೂ ಕಾಣಸಿಗುತ್ತವೆ. 1520ರಲ್ಲಿ ಕೋಟೆಯನ್ನು ಗೆದ್ದ ಕೃಷ್ಣದೇವರಾಯನ ಕಾಲಕ್ಕೆ ಈ ಬಾಗಿಲನ್ನು ಸೇರಿಸುವ ವಿದ್ವಾಂಸರಿದ್ದಾರೆ, ಶಿಲ್ಪಗಳನ್ನು ನೋಡಿದರೆ ಆ ವಾದ ನನಗೆ ಒಪ್ಪಿತವೆನಿಸುತ್ತದೆ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವೂ ಇದೇ ಬಾಗಿಲಿನ ಕಟ್ಟಡದಲ್ಲಿದೆ. ಸರ್ಕಾರಿ ರಜೆಯ ದಿನ ಬಂದು ಬೀಗ ನೋಡಿ ಹಿಂದಿರುಗುವ ಬದಲು ತೆರೆದಿರುವ ದಿನವನ್ನು ಮೊದಲೇ ವಿಚಾರಿಸಿಕೊಳ್ಳಿ.

ಒಳಸುತ್ತು: 1294ರ ಕಲ್ಲು

ಹೊರಗೋಡೆಯಿಂದ ಒಳಗೋಡೆಗೆ ಬಂದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿದೆ. ಹೊರಗೋಡೆಯ ಕಲ್ಲುಗಳು ಹೋಲಿಕೆಯಲ್ಲಿ ಒರಟು, ಗಾತ್ರದಲ್ಲಿ ಚಿಕ್ಕವು. ಒಳಗೋಡೆಯದ್ದು ಭಾರಿ ಗಾತ್ರದ, ಚೆನ್ನಾಗಿ ಕೆತ್ತಿದ ಕಲ್ಲುಗಳು. ಗಾರೆಯಿಲ್ಲದೆ ಒಂದರ ಮೇಲೊಂದು ಕೂಡಿಸಿದವು. ಎರಡು ಕಲ್ಲುಗಳ ಸಂದಿಯನ್ನು ಹತ್ತಿರದಿಂದ ನೋಡಿ. ಮೇಲಿನ ಕಲ್ಲಿನ ಅಂಚು ಓರೆಯಿದ್ದಲ್ಲಿ ಕೆಳಗಿನ ಕಲ್ಲನ್ನೂ ಅದೇ ಓರೆಗೆ ತಕ್ಕಂತೆ ಕಡಿದು ಕೂಡಿಸಿದ್ದಾರೆ. ಆಯತಾಕಾರದ ಕಲ್ಲುಗಳನ್ನು ಸಾಲಾಗಿ ಇಡುವುದಕ್ಕಿಂತ ಇದು ಹೆಚ್ಚು ಶ್ರಮದ ಕೆಲಸ, ಆದರೆ ಹಾಗೆ ಬಿಗಿದುಕೊಂಡ ಕಲ್ಲನ್ನು ಹಾರೆ ಹಾಕಿ ಮೀಟುವುದೂ ಅಷ್ಟೇ ಕಷ್ಟ.

ಈ ಗೋಡೆಯ ಪಶ್ಚಿಮ ಭಾಗದಲ್ಲಿ ಇಡೀ ಕೋಟೆಯಲ್ಲಿಯೇ ಅತಿ ಮುಖ್ಯವಾದ ಕಲ್ಲಿದೆ. ಉದ್ದ 40 ಅಡಿಗೂ ಹೆಚ್ಚು. ಅದರ ಮೇಲಿನ ಶಾಸನ ತೆಲುಗಿನಲ್ಲಿದೆ, ಕಾಲ ಕ್ರಿ.ಶ. 1294. ಕಾಕತೀಯರ ಸೇನಾನಿ ವಿಠ್ಠಲನಾಥನು ಆದವಾನಿ, ತುಂಬಳ, ಮಾನುವ, ಹಾಲುವ ಕೋಟೆಗಳನ್ನು ಗೆದ್ದು ರಾಯಚೂರನ್ನು ಪ್ರವೇಶಿಸಿ, ಜನರ ರಕ್ಷಣೆಗಾಗಿ ಈ ಕೋಟೆಯನ್ನು ಕಟ್ಟಿಸಿದನೆಂದು ಅದು ಹೇಳುತ್ತದೆ. ಮಾನುವ ಎಂದರೆ ಇಂದಿನ ಮಾನ್ವಿ. ಬಸ್ಸಿನ ಬೋರ್ಡಿನಲ್ಲಿ ದಿನವೂ ಕಾಣುವ ಊರಿನ ಹೆಸರು ಏಳು ನೂರು ವರ್ಷಗಳ ಹಿಂದಿನ ಶಾಸನದಲ್ಲಿಯೂ ಇರುವುದನ್ನು ಮಕ್ಕಳಿಗೆ ತೋರಿಸಿದರೆ ಅವರಿಗೆ ಇತಿಹಾಸದ ಮೇಲೆ ನಂಬಿಕೆ ಬರುತ್ತದೆ.

ಶಾಸನವನ್ನು ಓದಲು ಬಾರದವರೂ ಬಿಡಬಾರದ ಭಾಗವೆಂದರೆ ಅಲ್ಲಿನ ಗೀರುಚಿತ್ರ. ಕಲ್ಲಿನ ಕಣಿಯಿಂದ ಈ ಕಲ್ಲನ್ನು ಹೇಗೆ ತಂದರು ಎಂಬುದನ್ನು ಕಲ್ಲುಕುಟಿಗ ಕೆತ್ತಿಟ್ಟಿದ್ದಾನೆ: ಗಟ್ಟಿಗಾಲಿಗಳ ಬಂಡಿಯ ಮೇಲೆ ಉದ್ದನೆಯ ಕಲ್ಲು, ಮುಂದೆ ನೊಗಕ್ಕೆ ಹೂಡಿದ ಕೋಣಗಳ ಸಾಲು, ಅವುಗಳನ್ನು ಹುರಿದುಂಬಿಸುವ ಆಳುಗಳು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವವರು. ಅರಸರ ಯುದ್ಧ, ದೇವರ ಲೀಲೆ ಕೆತ್ತಿದ ಗೋಡೆಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಕಟ್ಟಡ ಕೆಲಸವನ್ನೇ, ಅದೂ ಕೂಲಿಯಾಳು ಮತ್ತು ಕೋಣಗಳನ್ನೇ ಚಿತ್ರದ ವಿಷಯ ಮಾಡಿಕೊಂಡ ಕೆತ್ತನೆ ಬಹಳ ಅಪರೂಪ. ನನ್ನ ಮಟ್ಟಿಗೆ ರಾಯಚೂರು ಕೋಟೆಗೆ ಬರಲು ಇದೊಂದೇ ಕಾರಣ ಸಾಕು.

ಚಿತ್ರ ಆಳವಾಗಿ ಕೊರೆದದ್ದಲ್ಲ, ನಡುಹಗಲಿನ ಚದುರಿದ ಬೆಳಕಿನಲ್ಲಿ ಕಣ್ಣಿಗೆ ಬೀಳದೆಯೂ ಹೋಗಬಹುದು. ಬಿಸಿಲು ಗೋಡೆಗೆ ಓರೆಯಾಗಿ ಸವರಿಕೊಂಡು ಹೋಗುವ ಹೊತ್ತಿನಲ್ಲಿ ಗೀರುಗಳ ಒಂದು ಅಂಚಿಗೆ ನೆರಳು ಬಿದ್ದು ರೇಖೆಗಳು ಎದ್ದು ಕಾಣುತ್ತವೆ. ಅಂಥ ಹೊತ್ತು ಸಿಗದಿದ್ದರೆ ಟಾರ್ಚನ್ನು ಕಲ್ಲಿನ ಎದುರಿಗೆ ಹಿಡಿಯದೆ, ಗೋಡೆಗೆ ಬಹುತೇಕ ತಾಗುವಂತೆ ಬದಿಯಿಂದ ಹಿಡಿಯಬೇಕು. ಜೊತೆಯವರು ಛತ್ರಿಯನ್ನೋ ಬಟ್ಟೆಯನ್ನೋ ಅಡ್ಡ ಹಿಡಿದು ನೆರಳು ಮಾಡಿಕೊಟ್ಟರೆ ಅಕ್ಷರಗಳೂ ಬಿಡಿಬಿಡಿಯಾಗಿ ಕಾಣತೊಡಗುತ್ತವೆ. ಸುಣ್ಣ, ಹಿಟ್ಟು, ಸೀಮೆಸುಣ್ಣ ಬಳಿಯುವುದು, ಎಣ್ಣೆ ಹಚ್ಚುವುದು, ನೀರು ಚಿಮುಕಿಸಿ ಉಜ್ಜುವುದು ಇವಾವುದನ್ನೂ ಮಾಡಬಾರದು. ಎಣ್ಣೆ ಕಲ್ಲಿನೊಳಗೆ ಇಳಿದು ಧೂಳನ್ನು ಹಿಡಿದುಕೊಳ್ಳುತ್ತದೆ. ಅಷ್ಟೇ ಅಲ್ಲ, ಒಮ್ಮೆ ಎಣ್ಣೆ ಕಂಡ ಕಲ್ಲಿಗೆ ಮರುವಾರ ಕುಂಕುಮವೂ ಬಂದು ಸೇರುವುದು ನಮ್ಮಲ್ಲಿ ಹೊಸದಲ್ಲ.

ಇಸವಿಯನ್ನು ಲೆಕ್ಕ ಹಾಕಿಕೊಳ್ಳುವ ಅಭ್ಯಾಸವನ್ನೂ ಇಲ್ಲಿಯೇ ಮಾಡಿಕೊಳ್ಳಬಹುದು. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ; ಶಕ 1216ಕ್ಕೆ 78 ಸೇರಿಸಿದರೆ 1294. ಹಿಜರಿ ವರ್ಷ ಚಾಂದ್ರಮಾನದ್ದಾಗಿದ್ದು ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ ಕಾರಣ ಬರೀ ಕೂಡಿಸಿದರೆ ಸಾಲದು, ವರ್ಷವನ್ನು 0.97ರಿಂದ ಗುಣಿಸಿ, ಬಂದದ್ದಕ್ಕೆ 622 ಸೇರಿಸಬೇಕು. ಇದನ್ನು ಪರೀಕ್ಷಿಸಲು ಕೋಟೆಯೊಳಗಿನ ಏಕ್ ಮಿನಾರ್ ಮಸೀದಿಗೆ ಹೋಗಿ. ಹಿಜರಿ 919 ಎಂದರೆ 891 ಮತ್ತು 622 ಸೇರಿ 1513. ಬಹಮನಿ ಸುಲ್ತಾನ ಮಹಮೂದ್ ಶಾಹನ ಹೆಸರಿನ ಆಳ್ವಿಕೆಯಲ್ಲಿ ಅಂಬರ್ ಎಂಬವನು ಕಟ್ಟಿಸಿದ ಈ ಮಸೀದಿಗೆ ಮೂಲೆಯಲ್ಲಿ ಒಂದೇ ಮಿನಾರು, ಎತ್ತರ ಸುಮಾರು 65 ಅಡಿ. ಮೇಲೆ ಹೋದಂತೆ ಸಣ್ಣದಾಗುತ್ತ ಹೋಗುವ ದುಂಡನೆಯ ಈ ಮಿನಾರನ್ನು ನೋಡಿದರೆ ಬೀದರಿನ ಮಹಮೂದ್ ಗವಾನನ ಮದರಸಾ ಕಂಡವರಿಗೆ ಅದರ ನೆನಪಾಗುತ್ತದೆ. ಮಸೀದಿಯಲ್ಲಿ ಇಂದಿಗೂ ಪ್ರಾರ್ಥನೆ ನಡೆಯುವುದರಿಂದ ನಮಾಜಿನ ಹೊತ್ತನ್ನು, ಮುಖ್ಯವಾಗಿ ಶುಕ್ರವಾರದ ಮಧ್ಯಾಹ್ನವನ್ನು ಬಿಟ್ಟು ಹೋಗಿ. ಪಾದರಕ್ಷೆ ಬಿಟ್ಟು, ಅಲ್ಲಿರುವವರನ್ನು ಕೇಳಿಯೇ ಒಳಗೆ ಕಾಲಿಡಿ.

ಮುತ್ತಿಗೆಯ ಕಥೆಯನ್ನು ಗೋಡೆಯ ಬುಡದಲ್ಲಿ ನಿಂತು ಓದಿ

1520ರ ರಾಯಚೂರು ಯುದ್ಧವನ್ನು ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಓದಿರುತ್ತೇವೆ. ಕೃಷ್ಣದೇವರಾಯನು ಕೋಟೆಗೆ ಮುತ್ತಿಗೆ ಹಾಕಿದ. ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನು ಸೈನ್ಯದೊಡನೆ ಕೃಷ್ಣೆಯನ್ನು ದಾಟಿ ಬಂದಾಗ ಅವನನ್ನು ಎದುರಿಸಿ ಸೋಲಿಸಿದ. ಬಳಿಕ ಮರಳಿ ಕೋಟೆಗೆ ಬಂದು ಅದನ್ನು ವಶಪಡಿಸಿಕೊಂಡ. ಮುಂದಿನ ದಶಕಗಳಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಈ ಮುತ್ತಿಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅವನ ಪ್ರಕಾರ ರಾಯನ ಆಳುಗಳು ಗುದ್ದಲಿ, ಹಾರೆಗಳನ್ನು ಹಿಡಿದು ಗೋಡೆಯ ಬುಡಕ್ಕೆ ನುಗ್ಗಿ ಕಲ್ಲುಗಳನ್ನು ಕೀಳುತ್ತಿದ್ದರು, ಮತ್ತು ಕಿತ್ತು ತಂದ ಕಲ್ಲಿನ ಗಾತ್ರಕ್ಕೆ ತಕ್ಕಂತೆ ಅವರಿಗೆ ಹಣ ಸಿಗುತ್ತಿತ್ತು. ಕೋಟೆಯ ಮೇಲೆ ತೋಪುಗಳಿದ್ದವು ನಿಜ, ಆದರೆ ಗೋಡೆಯ ಬುಡಕ್ಕೇ ಬಂದು ಅಂಟಿಕೊಂಡವನ ಮೇಲೆ ತೋಪು ಹಾರಿಸಲು ಸಾಧ್ಯವಿಲ್ಲ. ಅವನನ್ನು ಹೊಡೆಯಬೇಕಾದರೆ ಮೇಲಿನವನು ತೆನೆಗಳಾಚೆ, ಅಂದರೆ ಗೋಡೆಯ ತುದಿಯಲ್ಲಿ ಹಲ್ಲಿನಂತೆ ಎದ್ದಿರುವ ಮರೆಗಳಾಚೆ, ಬಾಗಿ ಕೆಳಗೆ ನೋಡಲೇಬೇಕು. ಹಾಗೆ ಬಾಗಿದವರನ್ನು ಕ್ರಿಸ್ತೊವಾವ್ ದೆ ಫಿಗೆರೆದು ಎಂಬ ಪೋರ್ಚುಗೀಸನೂ ಅವನ ಸಂಗಡಿಗರೂ ಕೋವಿಗಳಿಂದ ಒಬ್ಬೊಬ್ಬರನ್ನಾಗಿ ಹೊಡೆದುರುಳಿಸಿದರು. ಹೊರಗೆ ಇಣುಕಿದ ಕೋಟೆಯ ಅಧಿಪತಿಯೇ ಗುಂಡಿಗೆ ಬಲಿಯಾದ ಮೇಲೆ ಒಳಗಿನವರು ಶರಣಾದರು.

ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಸರಳ ಪ್ರಯೋಗವಿದೆ. ಒಂದು ಕೊತ್ತಳದ ಬುಡದಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು ತಲೆಯೆತ್ತಿ ನೋಡಿ: ತೆನೆಗಳ ಹಿಂದಿನವರು ನಿಮಗೆ ಕಾಣುವುದಿಲ್ಲ, ಅಂದರೆ ನೀವೂ ಅವರಿಗೆ ಕಾಣುವುದಿಲ್ಲ. ಹತ್ತು ಹೆಜ್ಜೆ ಹಿಂದೆ ಸರಿಯಿರಿ, ಇಬ್ಬರೂ ಒಬ್ಬರಿಗೊಬ್ಬರು ಕಾಣಿಸಿಕೊಳ್ಳುತ್ತೀರಿ. ಕೊತ್ತಳವನ್ನು ಗೋಡೆಯಿಂದ ಹೊರಚಾಚಿ ಕಟ್ಟುವುದರ ಉದ್ದೇಶ, ಪಕ್ಕದ ಗೋಡೆಯ ಬುಡವನ್ನು ಬದಿಯಿಂದ ಕಾಯುವುದು. ಎರಡು ಕೊತ್ತಳಗಳ ನಡುವಿನ ಅಂತರವನ್ನು ಹೆಜ್ಜೆಯಿಂದ ಅಳೆದು ನೋಡಿದರೆ ಅದನ್ನು ಬಾಣದ ಯುಗಕ್ಕೆ ಕಟ್ಟಿದ್ದೋ ಕೋವಿಯ ಯುಗಕ್ಕೆ ತಿದ್ದಿದ್ದೋ ಎಂಬ ಚರ್ಚೆಗೆ ಇಳಿಯಬಹುದು.

ಕೃಷ್ಣದೇವರಾಯನ ಮರಣಾನಂತರ, 1530ರಲ್ಲಿ ಇಸ್ಮಾಯಿಲ್ ಕೋಟೆಯನ್ನು ಮರಳಿ ಪಡೆದ.

ಗುಡ್ಡ, ಬಂಡೆ, ಕೆರೆ

ಈಗ ಗುಡ್ಡ ಹತ್ತಬಹುದು. ಸುತ್ತಲಿನ ಬಯಲಿನಿಂದ ಸುಮಾರು 290 ಅಡಿ ಎತ್ತರದಲ್ಲಿ ಬಾಲಾ ಹಿಸಾರ್, ಅಂದರೆ ಮೇಲುಕೋಟೆ ಇದೆ. ಮೇಲೆ ಸಣ್ಣ ಮಸೀದಿ, ತೋಪಿನ ಕಟ್ಟೆ, ಜನ ನಡೆದುಕೊಳ್ಳುವ ದರ್ಗಾ ಇವೆ. ದಾರಿ ಕಡಿದಲ್ಲದಿದ್ದರೂ ಮಳೆ ಬಿದ್ದ ಮರುದಿನ ಬಂಡೆ ಜಾರುತ್ತದೆ. ಹೆಜ್ಜೇನು ಕಟ್ಟಿರುವ ಕೊರಕಲು ಕಂಡರೆ ಅದರ ಕೆಳಗೆ ಗದ್ದಲ ಮಾಡದೆ, ಸುಗಂಧದ್ರವ್ಯ ಹಾಕಿಕೊಳ್ಳದೆ, ಬೀಡಿ ಸಿಗರೇಟು ಹಚ್ಚದೆ ದಾಟಿಹೋಗಿ.

ಹತ್ತುವಾಗ ಕಣ್ಣು ಕಾಲಬುಡದಲ್ಲಿರಲಿ. ಇಲ್ಲಿನ ಬಂಡೆ ಗ್ರಾನೈಟ್; ಹಗಲಿನ ಕಾವು, ಇರುಳಿನ ತಂಪಿನಿಂದ ಹಿಗ್ಗಿ ಕುಗ್ಗಿ ಈರುಳ್ಳಿಯ ಪದರದಂತೆ ಮೇಲ್ಮೈ ಸುಲಿದುಕೊಳ್ಳುತ್ತದೆ. ಪದರಗಳು ಈ ರೀತಿ ತಾವಾಗಿಯೇ ಬಿಡುವುದರಿಂದಲೇ ಉದ್ದನೆಯ ಚಪ್ಪಡಿ ತೆಗೆಯುವುದು ಹಿಂದಿನವರಿಗೆ ಸಾಧ್ಯವಾಯಿತು. ಹಳೆಯ ಕಣಿಯ ಜಾಗ ಸಿಕ್ಕರೆ ಬಂಡೆಯ ಮೇಲೆ ಒಂದೇ ಗೆರೆಯಲ್ಲಿ, ಸರಿಸಮ ಅಂತರದಲ್ಲಿ ಸಾಲು ಕುಳಿಗಳು ಕಾಣುತ್ತವೆ. ಅವು ಬೆಣೆ ಬಡಿಯಲು ತೋಡಿದವು. ಪ್ರತಿ ಕುಳಿಗೂ ಬೆಣೆಯಿಟ್ಟು ಸರದಿಯಂತೆ ಬಡಿಯುತ್ತ ಹೋದರೆ ಬಂಡೆ ಗೆರೆ ಹಿಡಿದು ಸೀಳುತ್ತದೆ. ಕೆಲವು ಕಡೆ ಕುಳಿ ತೋಡಿ ಸೀಳದೆ ಬಿಟ್ಟ ಬಂಡೆಗಳೂ ಇರುತ್ತವೆ. ಅವನ್ನು ಕಂಡ ಮೇಲೆ ಕೆಳಗಿನ ಗೋಡೆಯ ಕಲ್ಲುಗಳ ಅಂಚಿನಲ್ಲಿ ಅರ್ಧ ಉಳಿದ ಕುಳಿಗಳ ಗುರುತನ್ನು ಹುಡುಕುವುದು ಮಕ್ಕಳಿಗೆ ಒಳ್ಳೆಯ ಆಟವಾಗುತ್ತದೆ.

ಮೇಲಿನಿಂದ ನೋಡುವಾಗ ಕೋಟೆಯ ಬಳಿಯ ಮಾವಿನಕೆರೆಯನ್ನು ಗುರುತಿಸಿಕೊಳ್ಳಿ. ಆಮ್ ತಲಾಬ್ ಎಂದರೂ ಇದೇ. ಕೆಳಗೆ ಖಾಸ್ ಬಾವಿ ಇದೆ. ಎರಡು ದೊಡ್ಡ ನದಿಗಳ ನಡುವಿನ ಊರಾದರೂ ಎರಡೂ ದೂರದಲ್ಲಿ ಹರಿಯುವುದರಿಂದ, ಮುತ್ತಿಗೆಯ ಕಾಲದಲ್ಲಿ ಕೋಟೆಯವರನ್ನು ಉಳಿಸುತ್ತಿದ್ದದ್ದು ಕೆರೆ, ಬಾವಿ ಮತ್ತು ಬಂಡೆಗಳ ನಡುವೆ ನಿಂತ ಮಳೆನೀರು. ಬಂಡೆಯ ಇಳಿಜಾರಿನಲ್ಲಿ ನೀರು ಎಲ್ಲಿಂದ ಎಲ್ಲಿಗೆ ಇಳಿದಿರಬಹುದು ಎಂದು ಕಣ್ಣಿನಲ್ಲಿಯೇ ಹಿಂಬಾಲಿಸಿ. ಇಂದು ಆ ಜಾಡಿನಲ್ಲಿ ಪ್ಲಾಸ್ಟಿಕ್ ಚೀಲಗಳೂ ಇಳಿಯುತ್ತವೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೋಟೆಯ ಸುತ್ತಲಿನ ಬದುಕು

ಇದು ಟಿಕೆಟ್ ಕೊಂಡು ಒಳಹೋಗಿ, ನೋಡಿ, ಹೊರಬರುವ ಬಗೆಯ ಸ್ಮಾರಕವಲ್ಲ. ಗೋಡೆಗಳ ಒಳಗೆ ಓಣಿಗಳಿವೆ, ಗುಡಿಗಳಿವೆ, ದರ್ಗಾಗಳಿವೆ, ಸಂಸಾರಗಳಿವೆ. ಕ್ಯಾಮೆರಾ ಹಿಡಿದವರು ಮನೆಯ ಅಂಗಳವನ್ನು ಅಂಗಳವೆಂದೇ ನೋಡಬೇಕು. ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ‘ತಾತಾ, ಈ ಬಾಗಿಲಿಗೆ ಏನಂತಾರ್ರಿ?’ ಎಂದು ಕೇಳಿದರೆ ಮಾತು ತಾನಾಗಿಯೇ ಬೆಳೆಯುತ್ತದೆ. ಕನ್ನಡ, ದಖನಿ ಉರ್ದು, ತೆಲುಗು ಮೂರೂ ಒಂದೇ ಓಣಿಯಲ್ಲಿ ಕೇಳಿಸುತ್ತವೆ. ಹೇಳಿದ್ದನ್ನೆಲ್ಲ ಇತಿಹಾಸವೆಂದು ಬರೆದುಕೊಳ್ಳಬೇಡಿ, ಐತಿಹ್ಯವೆಂದು ಬೇರೆ ಪುಟದಲ್ಲಿ ಬರೆದುಕೊಳ್ಳಿ. ಸುರಂಗದ ಕಥೆಯಿಲ್ಲದ ಕೋಟೆ ಕರ್ನಾಟಕದಲ್ಲಿ ಇಲ್ಲ.

ಊರಿನ ಹಬ್ಬಕ್ಕೆ ಹೊಂದಿಸಿಕೊಂಡು ಬರುವವರಿಗೆ ಕಾರಹುಣ್ಣಿಮೆಯ ಹೊತ್ತು ತಕ್ಕದ್ದು. ಮುನ್ನೂರುಕಾಪು ಸಮಾಜದವರು ಆಗ ನಡೆಸುವ ಮುಂಗಾರು ಸಾಂಸ್ಕೃತಿಕ ರಾಯಚೂರು ಹಬ್ಬದಲ್ಲಿ ಎತ್ತುಗಳಿಂದ ಟನ್‌ಗಟ್ಟಲೆ ಭಾರದ ಕಲ್ಲು ಎಳೆಸುವ ಸ್ಪರ್ಧೆ ನಡೆಯುತ್ತದೆ, ಆಂಧ್ರ ತೆಲಂಗಾಣಗಳಿಂದಲೂ ಜೋಡಿಗಳು ಬರುತ್ತವೆ. 1294ರ ಕೆತ್ತನೆಗೂ ಈ ಸ್ಪರ್ಧೆಗೂ ನೇರ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ನೊಗಕ್ಕೆ ಹೆಗಲು ಕೊಟ್ಟ ಎತ್ತುಗಳ ಮುಂಗಾಲು ಮಡಿಯುವ ರೀತಿ, ಕಲ್ಲು ಮೊದಲ ಗೇಣು ಸರಿಯುವಾಗ ಆಳುಗಳು ಕೂಗುವ ಕೂಗು ಇವನ್ನು ನೋಡಿ ಕೇಳಿದ ಮೇಲೆ ಗೋಡೆಯ ಚಿತ್ರದ ಮುಂದೆ ಮತ್ತೊಮ್ಮೆ ನಿಂತರೆ, ಸನ್ನೆಗೋಲು ಹಿಡಿದವನು ಅಲ್ಲಿ ಯಾಕಿದ್ದಾನೆ ಎಂಬುದು ಸ್ಪಷ್ಟವಾಗುತ್ತದೆ.

ಎರಡನೆಯ ದಿನ ಇದ್ದರೆ

ಊರಿನ ದಕ್ಷಿಣಕ್ಕೆ, ಆಟೋದಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ ಮಲಿಯಾಬಾದ್ ಕೋಟೆಯಿದೆ. ಪಾಳುಬಿದ್ದ ಗೋಡೆಗಳ ನಡುವೆ ಬಿಳಿಗಲ್ಲಿನ ಎರಡು ಆನೆಗಳು ನಿಂತಿವೆ, ಬಹುತೇಕ ನಿಜವಾದ ಆನೆಯ ಗಾತ್ರದವು. ಜನಸಂಚಾರ ಕಡಿಮೆ, ಒಬ್ಬರೇ ಹೋಗದೆ ಜೊತೆಗೂಡಿ ಹೋಗಿ, ಕತ್ತಲಾಗುವ ಮುನ್ನ ಹಿಂದಿರುಗಿ.

ದೂರದ ಪ್ರಯಾಣಕ್ಕೆ ಸಿದ್ಧರಿರುವವರು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಹೋಗಬೇಕು. ಅದೇ ದೋಆಬಿಗಾಗಿ ಕಾದಾಡಿದವರ ಇನ್ನೊಂದು ಕೋಟೆ ಅದು, ಕಂದಕದಲ್ಲಿ ಇಂದಿಗೂ ನೀರು ನಿಲ್ಲುವುದರಿಂದ ರಾಯಚೂರಿನಲ್ಲಿ ಊಹಿಸಿಕೊಂಡದ್ದನ್ನು ಅಲ್ಲಿ ಕಣ್ಣಾರೆ ನೋಡಬಹುದು. ಮುದಗಲ್ಲಿನ ಮೊಹರಂ ಕಲ್ಯಾಣ ಕರ್ನಾಟಕಕ್ಕೆಲ್ಲ (ಹಿಂದಿನ ಹೈದರಾಬಾದ್ ಕರ್ನಾಟಕ) ಹೆಸರಾದದ್ದು. ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ಆಲಂಗಳಿಗೆ (ಮೊಹರಂನಲ್ಲಿ ಕೂರಿಸುವ ಪವಿತ್ರ ಲಾಂಛನಗಳು) ನಡೆದುಕೊಳ್ಳುತ್ತಾರೆ, ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ಕರ್ಬಲಾದ ಕಥೆ ಹೇಳುವ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡುತ್ತಾರೆ. ಮೊಹರಂ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ ತಾರೀಖನ್ನು ಆ ವರ್ಷದ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಬೇಕು. ಕೆಲವು ವರ್ಷ ಅದು ಕಾರಹುಣ್ಣಿಮೆಯ ಆಸುಪಾಸಿನಲ್ಲಿಯೇ ಬರುತ್ತದೆ. ಅಂಥ ವರ್ಷ ಎರಡನ್ನೂ ಒಂದೇ ಪ್ರಯಾಣದಲ್ಲಿ ನೋಡಬಹುದು. ಆ ದಿನಗಳಲ್ಲಿ ಬಸ್ಸುಗಳು ತುಂಬಿ ಬರುತ್ತವೆ, ಮುದಗಲ್ಲಿನಲ್ಲಿ ಉಳಿಯಲು ಜಾಗ ಸಿಗುವುದು ಕಷ್ಟ, ಆದ್ದರಿಂದ ಲಿಂಗಸುಗೂರಿನಲ್ಲಿ ಮೊದಲೇ ಕೋಣೆ ಗೊತ್ತುಮಾಡಿಕೊಂಡು ಹೊರಡಿ.